ಹೂವಿನ ಬೆನ್ನು ನೋಡಿ ನೀರುಬ್ರಾಹ್ಮಿ ಹಿಡಿದೆ

ಮೊದಲು ಕಳೆದುಕೊಂಡ ದುಡ್ಡಿನ ಲೆಕ್ಕ. ಫೋನಿನಲ್ಲಿ ‘ಬ್ರಾಹ್ಮಿ ಸಸಿ’ ಅಂತ ಹೇಳಿ ಸುಮಾರು 200 ತರಿಸಿದೆ. ನನಗೆ ಬೇಕಿದ್ದದ್ದು ಒಣಗಿಸಿ ಮಾರೋಕೆ ನೀರುಬ್ರಾಹ್ಮಿ, ಬಂದದ್ದು ಒಂದೆಲಗ! ಎರಡಕ್ಕೂ ಬ್ರಾಹ್ಮಿ ಅಂತಾರಲ್ವಾ. ತಂಬುಳಿಗೆ ಬೇಕಾದಷ್ಟು ಒಂದೆಲಗ ಸಾಗರದ ನಮ್ಮ ತೋಟದಲ್ಲೇ ಇತ್ತು. ಎರಡು ಸಾವಿರ ಹೋಯ್ತು.

ಆಮೇಲೆ ಗದ್ದೆಯಂಚು, ಕೆರೆ ಕೋಡಿ ಸುತ್ತಿದೆ. ಬರೀ ಎಲೆ ನೋಡಿ ಕಿತ್ತು, ಎರಡು ಚೀಲ ಒಣಗಿಸಿ ಒಯ್ದೆ. ಕೊಳ್ಳುವವರು ಒಂದು ಹಿಡಿ ಹರಡಿ ನೋಡಿ, ‘ಅರ್ಧ ಗದ್ದೆ ಕಳೆ’ ಅಂದರು. ಆಳಿನ ಕೂಲಿ ಸೇರಿ ಮೂರು ಸಾವಿರದ ಹತ್ತಿರ ಮುಳುಗಿತು. ‘ಇನ್ನು ಹೂ ನೋಡಿ ಆರಿಸ್ತೇನೆ’ ಅಂದೆ. ‘ಉಗುರಿನಷ್ಟು ಹೂವಲ್ಲಿ ಏನು ಕಾಣ್ತದೋ?’ ಅಂದ ಅಣ್ಣ.

ಕಾಣ್ತದೆ. ಆದರೆ ಎಸಳು ನೋಡಿ ಪ್ರಯೋಜನವಿಲ್ಲ. ಬಿಳಿಯೂ ಇರುತ್ತದೆ, ತಿಳಿ ನೇರಳೆಯೂ ಇರುತ್ತದೆ. ಹೂ ಮಗುಚಿ ಭೂತಗನ್ನಡಿ ಹಿಡಿಯಿರಿ. ನೀರುಬ್ರಾಹ್ಮಿಯಾದರೆ ಎಸಳಿನ ಬುಡ ಹಿಡಿದಿರುವ ಹಸಿರು ಪುಷ್ಪಪತ್ರ ಐದು. ಹೊರಗಿನದು ಪುಟ್ಟ ಎಲೆಯಷ್ಟು ಅಗಲ, ಒಳಗಿನವು ಸಪೂರ. ಅದರ ಕೆಳಗೇ, ತೊಟ್ಟಿನ ತುದಿಯಲ್ಲಿ, ದಾರದಂಥ ಎರಡು ಚೂರು. ನಮ್ಮ ಗದ್ದೆ ಕಳೆಯಲ್ಲಿ ಐದೂ ಒಂದೇ ಅಳತೆ, ಆ ಎರಡು ಚೂರು ಇಲ್ಲವೇ ಇಲ್ಲ. ಎಸಳು ಉದುರಿದರೂ ಪುಷ್ಪಪತ್ರ ಕಾಯಿಯ ಸುತ್ತ ಉಳಿಯುತ್ತದೆ. ಹಾಗಾಗಿ ಹೂ ಮುಗಿದ ಮೇಲೂ ಗುರುತು ಸಿಗುತ್ತದೆ.

ಎಲೆ ದಪ್ಪ, ಎದುರುಬದುರು, ತೊಟ್ಟಿಲ್ಲ, ನಡುವಿನ ನರ ಬಿಟ್ಟು ಬೇರೆ ನರ ಕಾಣದು. ಇಷ್ಟೂ ಸರಿಹೋದ ಮೇಲೆ ಮಾತ್ರ ನಾಲಿಗೆಗೆ ಇಡುತ್ತೇನೆ. ಕಹಿ, ತುಂಬಾ ಹೊತ್ತು ಹೋಗಲ್ಲ. ರಸ್ತೆ ಚರಂಡಿಯದ್ದನ್ನು ಮಾತ್ರ ಮುಟ್ಟುವುದಿಲ್ಲ, ಈ ಗಿಡ ನೀರಿನಲ್ಲಿರುವ ಸೀಸದಂಥ ಲೋಹವನ್ನೂ ಹೀರುತ್ತದೆ.

ಸುಮ್ನೆ ಒಂದು ಕಡ್ಡಿ ಲೋಟದ ನೀರಿಗೆ ಹಾಕಿದ್ದೆ. ವಾರದೊಳಗೆ ಗಿಣ್ಣಿನಲ್ಲಿ ಬಿಳಿ ಬೇರು! ಈಗ ಒಡೆದ ಟಬ್ಬಿನ ತುಂಬ ಹಬ್ಬಿದೆ. ಒಂದು ಬುಟ್ಟಿ ಬಿಸಿಲಿಗೆ, ಒಂದು ಅಟ್ಟದ ನೆರಳಿಗೆ ಇಟ್ಟೆ. ನೆರಳಿನದ್ದೇ ಹಸಿರು ಉಳಿಸಿಕೊಂಡಿತು. ಹತ್ತು ಕೆಜಿ ಹಸಿಗೆ ಒಣಗಿದ್ದು ಒಂದು ಕೆಜಿ ಚಿಲ್ಲರೆ. ಬೇರಿನ ಕೆಸರು ಬೇಗ ಬಿಡಿಸೋಕೆ ಒಂದು ಉಪಾಯ ಇದೆ. ಅದು ಸದ್ಯ ನನ್ನ ಹತ್ರಾನೇ ಇರಲಿ.

ಈ ಸಲ 12 ಕೆಜಿ ಕೊಟ್ಟೆ, ಒಂದು ಹಿಡಿಯೂ ವಾಪಸ್ ಬರಲಿಲ್ಲ. ಹೋದ ದುಡ್ಡು ಇನ್ನೂ ಪೂರ್ತಿ ಬಂದಿಲ್ಲ. ಆದರೆ ಅದೇ ಕೊಳ್ಳುವವರು ಈಗ ಬೇರೆಯವರ ಸೊಪ್ಪು ಬಂದರೂ ಮೊದಲು ನನಗೆ ತೋರಿಸುತ್ತಾರೆ.