ಪಲ್ಟಿ ನೇಗಿಲಿಗಾಗಿ ಬೇರೆ ಗಾಡಿಯ ಡಿಸಿವಿ ಕೂರಿಸುವುದು ಹೇಗೆ

ರಾಣೆಬೆನ್ನೂರು ಸುತ್ತಮುತ್ತ ಈಗ ಎಲ್ಲರಿಗೂ ಹೈಡ್ರಾಲಿಕ್ ಪಲ್ಟಿ ನೇಗಿಲೇ ಬೇಕು. ಹೊಲದ ತುದಿಗೆ ಹೋಗಿ ಲಿವರ್ ಎಳೆದರೆ ನೇಗಿಲು ತಾನೇ ಮಗುಚುತ್ತದೆ, ಅದೇ ಸಾಲಿನ ಪಕ್ಕದಲ್ಲೇ ವಾಪಸ್ ಬರಬಹುದು. ಆದರೆ ಮಗುಚಲು ಎರಡೂ ಕಡೆ ತಳ್ಳುವ ಡಬಲ್ ಆಕ್ಟಿಂಗ್ ಸಿಲಿಂಡರ್ ಬೇಕು, ಸಿಲಿಂಡರಿಗೆ ಎಣ್ಣೆ ಹಂಚಲು ಡಿಸಿವಿ (ಡೈರೆಕ್ಷನಲ್ ಕಂಟ್ರೋಲ್ ವಾಲ್ವ್) ಬೇಕು. ಹಳೆ ಟ್ರಾಕ್ಟರ್ ಗಾಡಿಗಳಲ್ಲಿ ಬಹಳಷ್ಟಕ್ಕೆ ಅದಿಲ್ಲ. ಹಾಗಾಗಿ ಗುಜರಿಯಿಂದ ಬೇರೆ ಮಾಡೆಲ್‌ನ ಡಿಸಿವಿ ತಂದು ನನ್ನ ಶೆಡ್ಡಿನಲ್ಲಿ ಇಡುತ್ತಾರೆ. 'ತಮ್ಮಾ, ಬೋಲ್ಟ್ ತೂತು ಕೂಡ್ತಾವು, ಹಾಕಿ ಕೊಟ್ಬಿಡು' ಅನ್ನುತ್ತಾರೆ. 'ಕಾಕಾ, ತೂತು ಆಮೇಲೆ. ಎಣ್ಣಿ ಎಲ್ಲಿಂದ ಬರ್ತದ, ಎಲ್ಲಿಗೆ ಹೋಗ್ತದ, ಮೊದ್ಲ ಅದನ್ನ ನೋಡೋಣು' ಅನ್ನುವುದು ನನ್ನ ಮಾಮೂಲಿ ಉತ್ತರ.

ಮೊದಲು ನಿಮ್ಮ ಗಾಡಿ ಯಾವ ಜಾತಿ ನೋಡಿ. ಮ್ಯಾಸಿ ಫರ್ಗುಸನ್ 1035ರಲ್ಲಿ ಪಂಪ್ ಹೊರಗೆ ಕಾಣುವುದೇ ಇಲ್ಲ. ಸೀಟಿನ ಕೆಳಗಿನ ಹೌಸಿಂಗ್‌ನಲ್ಲಿ, ಎಣ್ಣೆಯೊಳಗೆ ಮುಳುಗಿ ಕೂತಿರುವ ಪಿಸ್ಟನ್ ಪಂಪ್ ಅದು. ಹಿಂದಿನ ಉಪಕರಣಗಳನ್ನು ಓಡಿಸುವ ಪಿಟಿಒ ಶಾಫ್ಟಿನಿಂದ ತಿರುಗುತ್ತದೆ. ಹ್ಯಾರಿ ಫರ್ಗುಸನ್ 1946ರಲ್ಲಿ ಹೊರತಂದ ಟಿಇ20 ಟ್ರಾಕ್ಟರಿನಿಂದ ಬಂದ ಏರ್ಪಾಡು. ಅದರ ಕಂಟ್ರೋಲ್ ವಾಲ್ವ್ ಇರುವುದು ಪಂಪಿಗೆ ಎಣ್ಣೆ ಒಳಬರುವ ಕಡೆ. ನೇಗಿಲು ಎತ್ತುವ ಲಿಫ್ಟ್ ನಿಂತಿದ್ದರೆ ಪಂಪಿಗೆ ಎಣ್ಣೆಯೇ ಹೋಗುವುದಿಲ್ಲ, ಅದು ಸುಮ್ನೆ ತಿರುಗುತ್ತಿರುತ್ತದೆ. ಇಂಥ ಗಾಡಿಗೆ ಗುಜರಿಯ ಡಿಸಿವಿ ಕಟ್ಟಿದರೆ ಬೇಕಾದಾಗ ಎಣ್ಣೆ ಸಿಗುವುದಿಲ್ಲ. ಎಂಜಿನ್‌ನಿಂದ ಓಡುವ ಬೇರೆ ಗೇರ್ ಪಂಪ್ ಹಾಕುವುದೇ ಸರಿ. ಅದು ಬೇರೆಯೇ ಕೆಲಸ, ಖರ್ಚೂ ಜಾಸ್ತಿ.

ಮಹೀಂದ್ರಾ 475ರ ಥರ ಗೇರ್ ಪಂಪ್ ಹೊರಗೆ ಕೂತಿದ್ದರೆ ದಾರಿ ಸುಲಭ. ಎಂಜಿನ್ ಓಡುವಷ್ಟು ಹೊತ್ತೂ ಎಣ್ಣೆ ಹರಿಯುತ್ತಿರುತ್ತದೆ, ಕೆಲಸ ಇಲ್ಲದಾಗ ವಾಪಸ್ ಹೌಸಿಂಗ್‌ಗೆ ಬೀಳುತ್ತದೆ. ಇದಕ್ಕೆ ಲಿವರ್ ನಡುವೆ ಇದ್ದಾಗ ಎಣ್ಣೆಗೆ ದಾರಿ ಬಿಡುವ ಓಪನ್ ಸೆಂಟರ್ ಡಿಸಿವಿಯೇ ಬೇಕು. ದಾರಿ ಮುಚ್ಚುವ ಕ್ಲೋಸ್ಡ್ ಸೆಂಟರ್ ಹಾಕಿದರೆ ಲಿವರ್ ನಡುವೆ ಇದ್ದಾಗಲೂ ಪಂಪ್ ಒತ್ತಡದಲ್ಲೇ ಇರುತ್ತದೆ. ಎಣ್ಣೆ ಕಾಯುತ್ತದೆ, ಸೀಲು ಹೋಗುತ್ತದೆ.

ಗುಜರಿಯಲ್ಲಿ ಕೊಳ್ಳುವಾಗಲೇ ಬಾಯಿಂದ ಊದಿ ನೋಡಿ. ಲಿವರ್ ನಡುವೆ ಇರಲಿ. ಪಂಪಿನ ಎಣ್ಣೆ ಬರುವ ಪಿ ತೂತಿನಲ್ಲಿ ಊದಿದರೆ ಗಾಳಿ ಆಚೆ ಬರಬೇಕು, ಸಿಲಿಂಡರಿಗೆ ಹೋಗುವ ಎ ಮತ್ತು ಬಿ ಎರಡರಲ್ಲೂ ಬರಬಾರದು. ಎ, ಬಿಯಿಂದ ಎಣ್ಣೆ ವಾಪಸ್ ಹೋಗುವ ಟಿ ಬಾಯಿಗೆ ಗಾಳಿ ಹೋದರೆ ಅದು ಹೈಡ್ರಾಲಿಕ್ ಮೋಟರಿಗೆ ಮಾಡಿದ ಸ್ಪೂಲ್ (ಲಿವರ್ ಎಳೆದಾಗ ಒಳಗೆ ಜಾರುವ ಕಡ್ಡಿ), ನೇಗಿಲನ್ನು ಹಿಡಿದು ನಿಲ್ಲಿಸುವುದಿಲ್ಲ. ಕೆಲಸದ ಬಾಯಿ ಒಂದೇ ಇದ್ದರೆ ಅದು ಟಿಪ್ಪಿಂಗ್ ಟ್ರೇಲರಿನದು, ಪಲ್ಟಿಗೆ ಬರದು. ಸ್ಪೂಲನ್ನು ಹೊರಗೆಳೆದು ಉಗುರು ಆಡಿಸಿ. ಗೀರು ಸಿಕ್ಕರೆ ಎಷ್ಟೇ ಅಗ್ಗವಾದರೂ ಬೇಡ. ಸ್ಪೂಲು ಮತ್ತು ಬಾಡಿಯನ್ನು ಜೋಡಿ ಮಾಡಿ ಉಜ್ಜಿ ಕೂರಿಸಿರುತ್ತಾರೆ. ಒಂದರ ಸ್ಪೂಲು ಇನ್ನೊಂದರ ಬಾಡಿಗೆ ಬರುವುದಿಲ್ಲ.

ಈಗ ಜೋಡಣೆ. ಜನ ಹೆಚ್ಚು ಎಡವುವುದು ಇಲ್ಲೇ. ಡಿಸಿವಿ ಕೂರುವ ಜಾಗ ಪಂಪ್ ಮತ್ತು ಲಿಫ್ಟ್ ನಡುವೆ. ಪಂಪಿನಿಂದ ಬರುವ ಪೈಪು ಪಿಗೆ. ಕೆಲಸವಿಲ್ಲದಾಗ ಎಣ್ಣೆ ಡಿಸಿವಿ ದಾಟಿ ಲಿಫ್ಟಿಗೆ ಹೋಗಬೇಕು ಅಲ್ವಾ? ಅದಕ್ಕೆ ಬಹಳ ಜನ ಟಿ ಬಾಯಿಂದ ಪೈಪು ಎಳೆದು ಲಿಫ್ಟಿಗೆ ಕೊಡುತ್ತಾರೆ. ಲಿಫ್ಟ್ ಭಾರ ಎತ್ತಿದ ಕೂಡಲೇ ಆ ಪೈಪಿನಲ್ಲಿ ಒತ್ತಡ ಏರುತ್ತದೆ. ಟಿ ಕಡೆಯ ಸೀಲುಗಳು ಒತ್ತಡ ತಡೆಯುವಂಥವಲ್ಲ. ಸ್ಪೂಲಿನ ತುದಿಯಲ್ಲಿ ಎಣ್ಣೆ ಚಿಮ್ಮುತ್ತದೆ, ಬಾಡಿ ಸೀಳಿದ್ದೂ ಉಂಟು. ಲಿಫ್ಟಿಗೆ ಹೋಗಬೇಕಾದ್ದು ಪವರ್ ಬಿಯಾಂಡ್ ಬಾಯಿಂದ, ಅಂದರೆ ಎಣ್ಣೆಯನ್ನು ಒತ್ತಡ ಸಮೇತ ಮುಂದಕ್ಕೆ ಕಳಿಸುವ ಬಾಯಿಂದ. ಕೆಲವು ಡಿಸಿವಿಗಳಲ್ಲಿ ಅಲ್ಲಿ ಪ್ಲಗ್ ಇರುತ್ತದೆ, ಅದನ್ನು ತೆಗೆದು ಪವರ್ ಬಿಯಾಂಡ್ ಸ್ಲೀವ್ ಹಾಕಬೇಕು. ಟಿಯಿಂದ ಬೇರೆ ಪೈಪು, ನೇರ ಹೌಸಿಂಗ್‌ಗೆ, ನಡುವೆ ಯಾವ ಅಡ್ಡಿಯೂ ಇಲ್ಲದೆ. ಸ್ಲೀವ್ ಹಾಕಲು ಬರದ ಡಿಸಿವಿ ಆದರೆ ಈ ಕೆಲಸಕ್ಕೆ ಅದನ್ನು ಮರೆತುಬಿಡಿ.

ಒತ್ತಡ ಮಿತಿ ಮೀರಿದಾಗ ಎಣ್ಣೆ ಬಿಟ್ಟುಕೊಡುವ ರಿಲೀಫ್ ವಾಲ್ವ್ ಎಲ್ಲಿದೆ ಅಂತ ಹುಡುಕಿ. ನಿಮ್ಮ ಗಾಡಿಯ ರಿಲೀಫ್ ಲಿಫ್ಟ್ ಹೌಸಿಂಗ್ ಒಳಗಿದ್ದು, ತಂದ ಡಿಸಿವಿಯಲ್ಲಿ ರಿಲೀಫೇ ಇಲ್ಲದಿದ್ದರೆ ಕೆಲಸ ಕೆಟ್ಟಿತು. ಲಿವರ್ ಎಳೆದ ಕ್ಷಣ ಪಂಪಿಗೂ ಲಿಫ್ಟಿಗೂ ಸಂಬಂಧ ತಪ್ಪುತ್ತದೆ. ನೇಗಿಲಿನ ಸಿಲಿಂಡರ್ ತುದಿಗೆ ಬಂದು ನಿಂತಾಗ ಎಣ್ಣೆಗೆ ಎಲ್ಲೂ ದಾರಿಯಿಲ್ಲ. ಹೋಸ್ ಒಡೆಯುತ್ತದೆ, ಇಲ್ಲವೇ ಪಂಪ್ ಒಡೆಯುತ್ತದೆ. ಡಿಸಿವಿಯಲ್ಲೇ ರಿಲೀಫ್ ಇರಬೇಕು, ಅದರ ಸೆಟ್ಟಿಂಗು ನಿಮ್ಮ ಪಂಪ್ ತಡೆಯುವುದಕ್ಕಿಂತ ಕಡಿಮೆ ಇರಬೇಕು. ದೊಡ್ಡ ಗಾಡಿಯ ಡಿಸಿವಿಯಲ್ಲಿ ಅದು ಹೆಚ್ಚಿಗೆ ಇರಬಹುದು. 250 ಬಾರ್‌ನ ಒತ್ತಡದ ಗೇಜನ್ನು ಟೀ ಫಿಟ್ಟಿಂಗ್ ಹಾಕಿ ಜೋಡಿಸಿ, ರಿಲೀಫ್‌ನ ಸ್ಕ್ರೂ ಪೂರ್ತಿ ಸಡಿಲ ಮಾಡಿ, ಅಲ್ಲಿಂದ ಸ್ವಲ್ಪ ಸ್ವಲ್ಪವೇ ಬಿಗಿ ಮಾಡುತ್ತಾ ನಿಮ್ಮ ಗಾಡಿಯ ಪುಸ್ತಕದಲ್ಲಿರುವ ಅಂಕಿಯ ಒಳಗೇ ನಿಲ್ಲಿಸಿ. ಗೇಜ್ ಇಲ್ಲದೆ, ಸದ್ದು ಕೇಳಿ ಸೆಟ್ ಮಾಡುವ ಮೇಸ್ತ್ರಿಗಳಿದ್ದಾರೆ. ಅವರ ಹತ್ತಿರ ಗಾಡಿ ಬಿಡಬೇಡಿ.

ಪಂಪನ್ನೂ ಬದಲಿಸಬೇಕೇ? ಲೆಕ್ಕ ಹಾಕಿ ನೋಡಿ. ಒಂದು ಸುತ್ತಿಗೆ 11 ಸಿಸಿ ತಳ್ಳುವ ಪಂಪ್ 2000 ಆರ್‌ಪಿಎಂನಲ್ಲಿ ತಿರುಗಿದರೆ ನಿಮಿಷಕ್ಕೆ 22 ಲೀಟರ್. ಸೋರಿಕೆ ಕಳೆದು 20 ಅನ್ನಿ. 63 ಮಿಲಿಮೀಟರ್ ಬೋರ್, 200 ಮಿಲಿಮೀಟರ್ ಸ್ಟ್ರೋಕ್ ಇರುವ ಸಿಲಿಂಡರಿಗೆ ಹಿಡಿಸುವುದು ಸುಮಾರು 620 ಸಿಸಿ. ಎರಡು ಸೆಕೆಂಡಿನೊಳಗೆ ತುಂಬುತ್ತದೆ. ಅಷ್ಟು ಭಾರದ ನೇಗಿಲು ಮಗುಚಲು ಅದೇ ಜೋರಾಯಿತು, ಹೋಸಿನ ಬಾಯಿಗೆ ಸಣ್ಣ ತೂತಿನ ರಿಸ್ಟ್ರಿಕ್ಟರ್ ಹಾಕಿ ನಿಧಾನ ಮಾಡಬೇಕಾದೀತು. ಹೀಗಿರುವಾಗ 16 ಸಿಸಿ ಪಂಪ್ ಯಾಕೆ? ಎಂಜಿನ್ ಮೇಲೆ ಹೊರೆ ಅಷ್ಟೇ. 150 ಬಾರ್‌ನಲ್ಲಿ 20 ಲೀಟರ್ ತಳ್ಳಲು ಹೆಚ್ಚುಕಡಿಮೆ 7 ಎಚ್‌ಪಿ ಬೇಕು, 29 ಲೀಟರಿಗೆ 10ರ ಹತ್ತಿರ.

ಹಳೆ ಪಂಪ್ ನಿಜಕ್ಕೂ ಸವೆದಿದ್ದು ಬೇರೆ ಮಾಡೆಲ್‌ನದು ಹಾಕುವುದಾದರೆ ತಿರುಗುವ ದಿಕ್ಕು ಮುಖ್ಯ. ಶಾಫ್ಟ್ ತುದಿ ನಿಮ್ಮ ಕಡೆ ಇಟ್ಟುಕೊಂಡು ನೋಡಬೇಕು. ಉಲ್ಟಾ ತಿರುಗಿದರೆ ಒತ್ತಡ ಸಕ್ಷನ್ ಕಡೆ ಬಂದು ಶಾಫ್ಟ್ ಸೀಲನ್ನು ಹೊರಗೆ ತಳ್ಳುತ್ತದೆ. ದೊಡ್ಡ ಬಾಯಿ ಸಕ್ಷನ್, ಚಿಕ್ಕದು ಡೆಲಿವರಿ. ಸಕ್ಷನ್ ಪೈಪನ್ನು ಮೊದಲಿಗಿಂತ ಸಣ್ಣದು ಮಾಡಬೇಡಿ, ಎಣ್ಣೆ ಸಾಲದೆ ಪಂಪ್ ಕರಕರ ಅನ್ನುತ್ತದೆ. ಸ್ಪ್ಲೈನ್ ಹಲ್ಲು ಎಣಿಸಿ, ಪೈಲಟ್ (ಪಂಪನ್ನು ನಡುವಿಗೆ ಕೂರಿಸುವ ದುಂಡು ಉಬ್ಬು) ವ್ಯಾಸ ವರ್ನಿಯರ್‌ನಲ್ಲಿ ಅಳೆಯಿರಿ. ಸ್ವರಾಜ್ 2007ರಿಂದ ಮಹೀಂದ್ರಾ ಕೈಯಲ್ಲಿದೆ, ಹಾಗಂತ ಅದರ ಪಂಪ್ ಮಹೀಂದ್ರಾ ಗಾಡಿಗೆ ಕೂರುತ್ತದೆ ಅಂತ ಕೆಲವರು ನಂಬಿದ್ದಾರೆ. ಕಂಪನಿ ಕೈ ಬದಲಾದರೆ ಸ್ಪ್ಲೈನ್ ಬದಲಾಗುವುದಿಲ್ಲ.

ಪೈಪು ಕೂಡಿಸುವ ಮರೆ (ಥ್ರೆಡ್) ಇನ್ನೊಂದು ತಲೆನೋವು. ಒಂದು ಗಾಡಿಯಲ್ಲಿ ಇಂಚಿನ ಲೆಕ್ಕದ ಬಿಎಸ್‌ಪಿ, ಇನ್ನೊಂದರಲ್ಲಿ ಮೆಟ್ರಿಕ್. ಎಂ16×1.5 ನಿಪ್ಪಲ್ 3/8 ಬಿಎಸ್‌ಪಿ ಬಾಯಿಗೆ ಒಂದೆರಡು ಸುತ್ತು ಹೋಗಿ ಹಿಡಿದುಕೊಳ್ಳುತ್ತದೆ. ಬಿಗಿಯಾಯಿತು ಅನ್ನಿಸುತ್ತದೆ, ಒತ್ತಡ ಬಂದಾಗ ಗುಂಡಿನ ಹಾಗೆ ಹಾರುತ್ತದೆ. ಥ್ರೆಡ್ ಗೇಜ್ ಇಟ್ಟು ನೋಡಿ, ಸರಿಯಾದ ಅಡಾಪ್ಟರ್ ತನ್ನಿ. ಸೀಲಿಗೆ ಬಾಂಡೆಡ್ ವಾಷರ್ ಹಾಕಿ. ಟೆಫ್ಲಾನ್ ಟೇಪ್ ಬೇಡ, ಅದರ ಚೂರು ಹೋಗಿ ಸ್ಪೂಲಿಗೆ ಸಿಕ್ಕಿಕೊಳ್ಳುತ್ತದೆ. ಸಿಲಿಂಡರಿಗೆ ಎರಡು ತಂತಿ ಪದರದ ಆರ್2 ಹೋಸ್ ಹಾಕಿಸಿ.

ಎಲ್ಲವನ್ನೂ ಡೀಸೆಲ್‌ನಲ್ಲಿ ತೊಳೆದು, ಗಾಳಿ ಹೊಡೆದು, ಹೈಡ್ರಾಲಿಕ್ ಎಣ್ಣೆ ಸವರಿ ಜೋಡಿಸಿ. ಬನಿಯನ್ ವೇಸ್ಟ್ ಒಳಭಾಗಕ್ಕೆ ತಾಗಿಸಬೇಡಿ, ದಾರ ಉಳಿಯುತ್ತದೆ. ಫಿಲ್ಟರ್ ಹೊಸದು ಹಾಕಿ. ಎಣ್ಣೆ ನಿಮ್ಮ ಗಾಡಿಗೆ ಹೇಳಿದ್ದೇ ಇರಲಿ. ಆಯಿಲ್ ಬ್ರೇಕ್ ಗಾಡಿಯಲ್ಲಿ ಗೇರ್, ಬ್ರೇಕ್, ಲಿಫ್ಟಿಗೆ ಒಂದೇ ಎಣ್ಣೆ ಇದ್ದರೆ ಬೇರೆ ಗ್ರೇಡ್ ಹಾಕಿದಾಗ ಬ್ರೇಕ್ ಕಿರುಚಲು ಶುರುಮಾಡುತ್ತದೆ.

ಚಾಲೂ ಮಾಡುವಾಗ ಎಂಜಿನ್ ನಿಧಾನದಲ್ಲಿರಲಿ, ನೇಗಿಲು ನೆಲಕ್ಕೆ ತಾಗಿರಲಿ. ಲಿಫ್ಟ್ ಏರಿಸಿ ಇಳಿಸಿ. ಆಮೇಲೆ ನೇಗಿಲನ್ನು ಮಗುಚುವಷ್ಟೇ ಎತ್ತಿ, ಯಾರನ್ನೂ ಹತ್ತಿರ ಬಿಡದೆ, ಎರಡೂ ಕಡೆ ಕೆಲವು ಬಾರಿ ತಿರುಗಿಸಿ ಗಾಳಿ ಹೊರಡಿಸಿ. ಸಿಲಿಂಡರ್ ತುಂಬಿದ ಮೇಲೆ ಎಣ್ಣೆ ಮಟ್ಟ ಇಳಿದಿರುತ್ತದೆ, ಡಿಪ್‌ಸ್ಟಿಕ್ ನೋಡಿ ತುಂಬಿಸಿ. ಎಣ್ಣೆಯಲ್ಲಿ ನೊರೆ ಕಂಡರೆ ಸಕ್ಷನ್ ಕಡೆ ಗಾಳಿ ಎಳೆಯುತ್ತಿದೆ. ಸೋರಿಕೆಯನ್ನು ಕೈ ಆಡಿಸಿ ಹುಡುಕಬೇಡಿ, ರಟ್ಟು ಹಿಡಿಯಿರಿ. ಸೂಜಿಮೊನೆಯ ತೂತಿನಿಂದ ಬರುವ ಎಣ್ಣೆ ಚರ್ಮ ತೂರಿ ಒಳಗೆ ಹೋಗುತ್ತದೆ. ಮೇಲೆ ಚುಕ್ಕಿ ಗಾಯ ಅಷ್ಟೇ ಕಾಣುತ್ತದೆ, ಆದರೂ ತಕ್ಷಣ ಆಸ್ಪತ್ರೆಗೆ ಓಡಬೇಕು. ಬೆರಳು, ಕೈ ಕಳೆದುಕೊಳ್ಳುವ ಗಾಯ ಅದು.

ನೇಗಿಲನ್ನು ಗಾಡಿಗೆ ಕೂಡಿಸುವ ಪಿನ್ನುಗಳನ್ನೂ ನೋಡಿಕೊಳ್ಳಿ, ಅವುಗಳ ಅಳತೆ ಕ್ಯಾಟಗರಿ ಪ್ರಕಾರ ಬೇರೆ. ಕ್ಯಾಟಗರಿ 1ರ ಕೆಳ ಲಿಂಕ್ ಪಿನ್ 22 ಮಿಲಿಮೀಟರ್, ಕ್ಯಾಟಗರಿ 2ರದು 28. ಮೇಲಿನದು 19 ಮತ್ತು 25. ದೊಡ್ಡ ಬಾಲ್‌ಗೆ ಸಣ್ಣ ಪಿನ್ ಹಾಕುವುದಾದರೆ ನಡುವೆ ಬುಷ್ ಬೇಕು.

ಡಿಸಿವಿ ಲಿವರ್ ಎಳೆದು ಹಿಡಿದಾಗ ಲಿಫ್ಟ್ ಏರುವುದಿಲ್ಲ ಅಂತ ಕೆಲವರು ವಾಪಸ್ ಬರುತ್ತಾರೆ. ಅದು ಕೆಟ್ಟದ್ದಲ್ಲ, ಎಣ್ಣೆ ಆಗ ನೇಗಿಲಿಗೆ ಹೋಗುತ್ತಿರುತ್ತದೆ. ಮಗುಚಿದ ಕೂಡಲೇ ಲಿವರ್ ಬಿಡಿ.