ಕಾಸರಗೋಡಿಗೆ ಮನೆ ಬದಲಾಯಿಸುವ ಮೊದಲು ಶಾಲೆ ನೋಡುವುದು ಹೇಗೆ

ವರ್ಗಾವಣೆ ಆಗಿಯೋ, ಅಪ್ಪ-ಅಮ್ಮನ ಅಡಿಕೆ ತೋಟ ನೋಡಿಕೊಳ್ಳಲಿಕ್ಕೋ, ಬೆಂಗಳೂರು ಸಾಕಾಗಿಯೋ ಕಾಸರಗೋಡು ಕಡೆಗೆ ಬರುವವರು ಈಚೆಗೆ ಜಾಸ್ತಿ. ಎಲ್ಲರೂ ಕೇಳುವುದು ಒಂದೇ. "ಅಲ್ಲಿ ಒಳ್ಳೆ ಕನ್ನಡ ಶಾಲೆ ಯಾವುದು?" ಈ ಪ್ರಶ್ನೆಗೆ ಯಾರು ಬೇಕಾದರೂ ಒಂದು ಹೆಸರು ಹೇಳಿಬಿಡುತ್ತಾರೆ, ಹೆಚ್ಚಾಗಿ ತಾವು ಓದಿದ ಶಾಲೆಯದ್ದು. ಅದರಿಂದ ನಿಮಗೆ ಏನೂ ಉಪಯೋಗ ಇಲ್ಲ. ಕೇಳಬೇಕಾದದ್ದು ಬೇರೆ: ಇನ್ನು ನಾಲ್ಕೈದು ವರ್ಷ ನನ್ನ ಮಗುವಿನ ತರಗತಿಯಲ್ಲಿ ಯಾರು ಪಾಠ ಮಾಡುತ್ತಾರೆ, ಯಾವ ಭಾಷೆಯಲ್ಲಿ ಮಾಡುತ್ತಾರೆ, ಆ ತರಗತಿ ಅಷ್ಟು ವರ್ಷ ಉಳಿಯುತ್ತದಾ? ಕಟ್ಟಡ, ರಿಸಲ್ಟು, ಬಣ್ಣ ಬಳಿದ ಗೋಡೆ ಎಲ್ಲ ಆಮೇಲೆ.

ಮೊದಲು ಇಲ್ಲಿನ ಲೆಕ್ಕಾಚಾರ ಸ್ವಲ್ಪ ತಿಳಿದಿರಲಿ. ಕಾಸರಗೋಡು ಕೇರಳಕ್ಕೆ ಸೇರಿದ್ದು 1956ರಲ್ಲಿ, ಬೇರೆ ಜಿಲ್ಲೆ ಆದದ್ದು 1984ರಲ್ಲಿ. ಹಾಗಾಗಿ ಶಾಲೆ ಕನ್ನಡದ್ದಾದರೂ ಪಠ್ಯಕ್ರಮ, ಪರೀಕ್ಷೆ, ನಿಯಮ ಎಲ್ಲ ಕೇರಳದ್ದು. ಎಲ್.ಪಿ. ಅಂದರೆ 1ರಿಂದ 4, ಯು.ಪಿ. ಅಂದರೆ 5ರಿಂದ 7, ಹೈಸ್ಕೂಲು 8ರಿಂದ 10. ಹೆಸರಿನ ಮುಂದೆ 'ಜಿ' ಇದ್ದರೆ ಸರ್ಕಾರಿ. 'ಎ' ಇದ್ದರೆ ಹೆಚ್ಚಾಗಿ ಅನುದಾನಿತ, ಅಂದರೆ ಸಂಬಳ ಸರ್ಕಾರ ಕೊಡುತ್ತದೆ, ಶಿಕ್ಷಕರನ್ನು ನೇಮಿಸುವುದು ಮ್ಯಾನೇಜರ್. ಇಲ್ಲಿನ ಹಳೆಯ ಕನ್ನಡ ಶಾಲೆಗಳಲ್ಲಿ ಅನುದಾನಿತ ಶಾಲೆಗಳೇ ಬಹಳ. ಅನುದಾನಿತ ಅಂದ ಕೂಡಲೇ ಖಾಸಗಿ ಅಂದುಕೊಂಡು ಪಟ್ಟಿಯಿಂದ ತೆಗೆಯಬೇಡಿ, ಅಲ್ಲೂ ಪಾಠಕ್ಕೆ ಫೀಸಿಲ್ಲ.

ಮಗು ಮೂರನೇ ಕ್ಲಾಸಿನಲ್ಲಿದ್ದರೆ ಈ ಎಲ್.ಪಿ., ಯು.ಪಿ. ವಿಂಗಡಣೆ ದೊಡ್ಡ ವಿಷಯ. ಮನೆ ಪಕ್ಕದ ಎಲ್.ಪಿ. ಶಾಲೆ ಚೆನ್ನಾಗಿದೆ ಅಂತ ಸೇರಿಸಿದರೆ ನಾಲ್ಕು ಮುಗಿದ ಕೂಡಲೇ ಮತ್ತೆ ಶಾಲೆ ಬದಲಾಯಿಸಬೇಕು, ಏಳು ಮುಗಿದ ಮೇಲೆ ಇನ್ನೊಮ್ಮೆ. ಒಂದರಿಂದ ಏಳರ ತನಕ ಇರುವ ಯು.ಪಿ. ಶಾಲೆಯೋ, ಹತ್ತರ ತನಕ ಒಂದೇ ಕಡೆ ಇರುವ ಶಾಲೆಯೋ ಸಿಕ್ಕಿದರೆ ಒಂದೆರಡು ಕಿಲೋಮೀಟರ್ ದೂರವಾದರೂ ಅದನ್ನೇ ಮೊದಲು ನೋಡಿ.

ಊರು ಇನ್ನೂ ಗಟ್ಟಿಯಾಗಿಲ್ಲ ಅಂತಾದರೆ ಚಂದ್ರಗಿರಿ ಹೊಳೆಯನ್ನು ಗೆರೆಯಾಗಿ ಇಟ್ಟುಕೊಳ್ಳಿ. ಹೊಳೆಯ ಉತ್ತರಕ್ಕೆ ಮಂಜೇಶ್ವರ, ಕುಂಬಳೆ, ಕಾಸರಗೋಡು ಉಪಜಿಲ್ಲೆಗಳು (ಶಿಕ್ಷಣ ಇಲಾಖೆ ಜಿಲ್ಲೆಯನ್ನು ಹಂಚಿಕೊಂಡ ವಿಭಾಗಗಳು). ವರ್ಕಾಡಿ, ಮೀಂಜ, ಪೈವಳಿಕೆ, ಎಣ್ಮಕಜೆ, ಬದಿಯಡ್ಕ, ಕುಂಬ್ಡಾಜೆ, ಬೆಳ್ಳೂರು, ಈ ಕಡೆಯೆಲ್ಲ ಕನ್ನಡ ಮಾಧ್ಯಮ ಹುಡುಕಲಿಕ್ಕೆ ಕಷ್ಟವಿಲ್ಲ. ಹೊಳೆ ದಾಟಿ ತೆಂಕಲಾಗಿ ಹೋದಂತೆ ಕಡಿಮೆಯಾಗುತ್ತ ಹೋಗುತ್ತದೆ. ಅಲ್ಲಿ ಮನೆ ಮಾಡುವವರು ಬಾಡಿಗೆಗೆ ಅಡ್ವಾನ್ಸ್ ಕೊಡುವ ಮೊದಲು ಆ ಉಪಜಿಲ್ಲೆಯ ಎ.ಇ.ಒ. (ಸಹಾಯಕ ಶಿಕ್ಷಣಾಧಿಕಾರಿ) ಕಚೇರಿಗೆ ಹೋಗಿ ಕನ್ನಡ ವಿಭಾಗ ಇರುವ ಶಾಲೆಗಳ ಪಟ್ಟಿ ಕೇಳಿ.

ಮನೆಯಲ್ಲಿ ಕುಳಿತೇ ಮಾಡಬಹುದಾದ ಕೆಲಸವೂ ಇದೆ. ಕೇರಳದ ಶಾಲೆಗಳ ಕಂಪ್ಯೂಟರ್, ತಂತ್ರಜ್ಞಾನದ ಕೆಲಸ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಕೈಟ್ ನಡೆಸುವ 'ಸಮೇತಂ' ಜಾಲತಾಣದಲ್ಲಿ ಶಾಲೆಯ ಹೆಸರು ಹಾಕಿದರೆ ಮಕ್ಕಳ ಸಂಖ್ಯೆ, ಸೌಕರ್ಯ ಮುಂತಾದ ವಿವರ ಸಿಗುತ್ತದೆ. 'ಸ್ಕೂಲ್ ವಿಕಿ' ಅಂತ ಇನ್ನೊಂದಿದೆ, ಹೆಚ್ಚಿನದ್ದು ಮಲಯಾಳದಲ್ಲಿ. ಮೊಬೈಲಿನಲ್ಲಿ ಅನುವಾದ ಮಾಡಿಕೊಂಡು ಓದಿ. ಇಷ್ಟು ನೋಡಿಕೊಂಡು ಹೋದರೆ ಹೆಡ್‌ಮಾಸ್ಟರ ಎದುರು ಕೂತಾಗ ಏನು ಕೇಳಬೇಕು ಅಂತ ಗೊತ್ತಿರುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ಬೋರ್ಡಿನಲ್ಲಿ ಕನ್ನಡ ಇದ್ದ ಮಾತ್ರಕ್ಕೆ ಒಳಗೆ ಕನ್ನಡ ಮಾಧ್ಯಮ ಇರಬೇಕು ಅಂತಿಲ್ಲ. ಎಷ್ಟೋ ಶಾಲೆಗಳಲ್ಲಿ ಒಂದೇ ಕಟ್ಟಡದೊಳಗೆ ಕನ್ನಡ, ಮಲಯಾಳ, ಇಂಗ್ಲಿಷ್ ಡಿವಿಷನ್‌ಗಳು ಬೇರೆ ಬೇರೆ ನಡೆಯುತ್ತವೆ. ಕನ್ನಡ ಡಿವಿಷನ್ ಒಂದರಿಂದ ಕೊನೆಯ ತರಗತಿಯ ತನಕ ಎಲ್ಲೂ ಬಿಟ್ಟುಹೋಗದೆ ಇದೆಯಾ ಅಂತ ಕೇಳಿ. ಕನ್ನಡ ಬರದ ಶಿಕ್ಷಕರನ್ನು ಕನ್ನಡ ಮಾಧ್ಯಮದ ಹುದ್ದೆಗೆ ಹಾಕಿದ್ದು, ಮಕ್ಕಳು, ತಂದೆತಾಯಿ ಸೇರಿ ಪ್ರತಿಭಟನೆ ಮಾಡಿದ್ದು, ಇದೆಲ್ಲ ಈ ಜಿಲ್ಲೆಗೆ ಹೊಸತಲ್ಲ. ಹಾಗಾಗಿ ಸಂಕೋಚ ಬಿಟ್ಟು ನೇರವಾಗಿ ಕೇಳಿ: ಗಣಿತಕ್ಕೆ ಯಾರು, ಸಮಾಜ ವಿಜ್ಞಾನಕ್ಕೆ ಯಾರು, ಅವರು ಕನ್ನಡದಲ್ಲಿ ಓದಿದವರಾ, ಖಾಯಂ ಹುದ್ದೆಯವರಾ ಅಥವಾ ದಿನಗೂಲಿಯವರಾ? ದಿನಗೂಲಿ ಶಿಕ್ಷಕರು ಕೆಟ್ಟವರು ಅಂತ ಅಲ್ಲ, ಅವರಲ್ಲಿ ತುಂಬ ಚೆನ್ನಾಗಿ ಕಲಿಸುವವರಿದ್ದಾರೆ. ಆದರೆ ಮುಂದಿನ ಜೂನಿನಲ್ಲಿ ಅವರೇ ಇರುತ್ತಾರೆ ಅಂತ ಅವರಿಗೇ ಭರವಸೆ ಇರುವುದಿಲ್ಲ, ಅಲ್ವಾ? ಮೇ ಕೊನೆ, ಜೂನ್ ಮೊದಲ ವಾರ ಪತ್ರಿಕೆಗಳ ಕಾಸರಗೋಡು ಪುಟ ನೋಡುತ್ತಿರಿ. 'ಶಿಕ್ಷಕರ ತೆರವು, ಸಂದರ್ಶನ' ಅಂತ ಸಣ್ಣ ಸಣ್ಣ ಸುದ್ದಿಗಳು ಬರುತ್ತವೆ. ಯಾವ ಶಾಲೆಯಲ್ಲಿ ಯಾವ ವಿಷಯಕ್ಕೆ ಜನ ಇಲ್ಲ ಅಂತ ಅದಕ್ಕಿಂತ ಚೆನ್ನಾಗಿ ಯಾರೂ ಹೇಳುವುದಿಲ್ಲ.

ಬಾಯಿಮಾತಿಗಿಂತ ನೋಟ್ ಬುಕ್ಕು ಸತ್ಯ ಹೇಳುತ್ತದೆ. ಆ ಶಾಲೆಗೆ ಹೋಗುವ ಏಳನೆಯದ್ದೋ ಎಂಟನೆಯದ್ದೋ ಮಗುವಿನ ಮನೆ ಗುರುತು ಮಾಡಿಕೊಂಡು, ಸಮಾಜ ವಿಜ್ಞಾನದ ನೋಟ್ಸು ಒಮ್ಮೆ ತಿರುವಿ ನೋಡಿ. ಪಾಠವನ್ನು ಮಗು ತನ್ನ ಮಾತಿನಲ್ಲಿ ಬರೆದಿದೆಯಾ, ಶಿಕ್ಷಕರು ಕೆಂಪು ಶಾಯಿಯಲ್ಲಿ ಒತ್ತಕ್ಷರ ತಿದ್ದಿದ್ದಾರಾ, ಅಥವಾ ಬರೀ ಸರಿ ಗುರುತು ಹಾಕಿ ಕೈ ಬಿಟ್ಟಿದ್ದಾರಾ ಗೊತ್ತಾಗುತ್ತದೆ. ನಾನು ನೋಡಿದ ಒಂದು ಪುಸ್ತಕದಲ್ಲಿ ಜೂನ್, ಜುಲೈ ಪುಟಗಳು ತುಂಬಿದ್ದವು, ಆಮೇಲೆ ಲಿಪಿ ಕನ್ನಡ, ಪದಗಳೆಲ್ಲ ಮಲಯಾಳ. ಹುಡುಗ ಕಿವಿಗೆ ಬಿದ್ದದ್ದನ್ನು ಬರೆದುಕೊಂಡಿದ್ದ ಪಾಪ. ನಡುವೆ ಟೀಚರ್ ಬದಲಾಗಿದ್ದರು ಅಂತ ಕೇಳಬೇಕಾಗಿಯೇ ಬರಲಿಲ್ಲ.

ಪಠ್ಯಪುಸ್ತಕದ್ದೂ ಒಂದು ಮಾತು. ಕನ್ನಡ ಪುಸ್ತಕ ಕಳೆದ ವರ್ಷ ಯಾವಾಗ ಕೈಗೆ ಬಂತು ಅಂತ ಮಕ್ಕಳ ಹತ್ತಿರವೇ ಕೇಳಿ. 2024 ಮತ್ತು 2025ರಲ್ಲಿ ಕೇರಳ ಎರಡು ಕಂತಿನಲ್ಲಿ ಒಂದರಿಂದ ಹತ್ತರ ತನಕ ಪುಸ್ತಕಗಳನ್ನೆಲ್ಲ ಬದಲಾಯಿಸಿದೆ. ನೆಂಟರ ಮನೆಯ ಹಳೆಯ ಪುಸ್ತಕ ಇಟ್ಟುಕೊಂಡು ಮಗುವನ್ನು ತಯಾರು ಮಾಡಲು ಹೋಗಬೇಡಿ. ಹೊಸತು ಪಠ್ಯಪುಸ್ತಕ ತಯಾರಿಸುವ ಕೇರಳದ ಎಸ್.ಸಿ.ಇ.ಆರ್.ಟಿ. ಜಾಲತಾಣದಲ್ಲಿ ಪಿಡಿಎಫ್ ಸಿಗುತ್ತದೆ.

ಇನ್ನು ಮಕ್ಕಳ ಸಂಖ್ಯೆ. ಹೊರಗಿನಿಂದ ಬರುವವರಿಗೆ ಗೊತ್ತೇ ಇರದ ಸಂಗತಿ ಇದು. ಕೇರಳದಲ್ಲಿ ಶಾಲೆ ಶುರುವಾದ ಆರನೇ ಕೆಲಸದ ದಿನ ತಲೆ ಎಣಿಸುತ್ತಾರೆ. ಅಂದಿನ ಸಂಖ್ಯೆಯ ಮೇಲೆ ಆ ವರ್ಷ ಎಷ್ಟು ಡಿವಿಷನ್, ಎಷ್ಟು ಶಿಕ್ಷಕರ ಹುದ್ದೆ ಅಂತ ತೀರ್ಮಾನ. ಒಂದೆರಡು ಮಕ್ಕಳು ಕಡಿಮೆಯಾದರೆ 'ಡಿವಿಷನ್ ಫಾಲ್', ಒಂದು ಹುದ್ದೆ ಹೋಯಿತು. ಅದಕ್ಕೇ ಮೇ ತಿಂಗಳಲ್ಲಿ ಟೀಚರುಗಳು ಮನೆ ಮನೆ ಹತ್ತಿ ಮಕ್ಕಳನ್ನು ಕೇಳುವುದು. ನಿಮ್ಮ ಮನೆಗೂ ಬರುತ್ತಾರೆ, ಬ್ಯಾಗು, ಕೊಡೆ ಎಲ್ಲ ಕೊಡುತ್ತೇವೆ ಅನ್ನುತ್ತಾರೆ. ಬೇಜಾರು ಮಾಡಿಕೊಳ್ಳಬೇಡಿ, ಆದರೆ ಆಗಲೇ ಕೇಳಿಬಿಡಿ: ಈ ಡಿವಿಷನ್‌ನಲ್ಲಿ ಮೂರು ವರ್ಷದಿಂದ ಎಷ್ಟೆಷ್ಟು ಮಕ್ಕಳು? ಏರುತ್ತಿದೆಯಾ, ಇಳಿಯುತ್ತಿದೆಯಾ? ಒಂದನೇ ತರಗತಿಯಲ್ಲಿ ಈ ಸಲ ಎಷ್ಟು? ಐದನೆಯದರಲ್ಲಿ ಮೂವತ್ತು ಮಕ್ಕಳಿದ್ದು ಒಂದನೆಯದರಲ್ಲಿ ನಾಲ್ಕೇ ಇದ್ದರೆ ಆ ಕನ್ನಡ ವಿಭಾಗದ ಮುಂದಿನ ಕತೆ ಕಣ್ಣೆದುರೇ ಇದೆ. ಕಡಿಮೆ ಮಕ್ಕಳಿರುವ ಶಾಲೆ ಕೆಟ್ಟದ್ದೇನಲ್ಲ. ಹತ್ತು ಮಕ್ಕಳ ತರಗತಿಯಲ್ಲಿ ಒಳ್ಳೆ ಟೀಚರ್ ಇದ್ದರೆ ನಿಮ್ಮ ಮಗುವಿನ ಅದೃಷ್ಟ. ನೋಡಬೇಕಾದದ್ದು ಸಂಖ್ಯೆ ಎಷ್ಟು ಅಂತಲ್ಲ, ಯಾವ ಕಡೆ ಹೋಗುತ್ತಿದೆ ಅಂತ. ನೀವು ಹೇಗೂ ಜೂನಿಗೆ ಬರುವವರಾದರೆ ಆ ಆರನೇ ದಿನದ ಒಳಗೆ ಸೇರಿಸಿ, ನಿಮ್ಮ ಒಂದು ಮಗುವಿನಿಂದ ಒಂದು ಹುದ್ದೆ ಉಳಿದರೂ ಉಳಿಯಬಹುದು.

ರಿಸಲ್ಟಿನ ಫ್ಲೆಕ್ಸ್ ನೋಡಿ ಮರುಳಾಗಬೇಡಿ. ಕೇರಳದ ಎಸ್ಸೆಸ್ಸೆಲ್ಸಿ ಫಲಿತಾಂಶ 2023ರಲ್ಲಿ ನೂರಕ್ಕೆ 99.70, 2024ರಲ್ಲಿ 99.69. ಇಡೀ ರಾಜ್ಯವೇ ಪಾಸಾಗುವ ಪರೀಕ್ಷೆಯಲ್ಲಿ 'ನಮ್ಮ ಶಾಲೆಗೆ ನೂರು ಶೇಕಡಾ' ಅಂತ ಬರೆದರೆ ಅದರಿಂದ ನಿಮಗೆ ಏನು ಗೊತ್ತಾಯಿತು? ಏನೂ ಇಲ್ಲ. ಅದರ ಬದಲು ನಾಲ್ಕನೆಯವರ ಎಲ್.ಎಸ್.ಎಸ್., ಏಳನೆಯವರ ಯು.ಎಸ್.ಎಸ್. ಸ್ಕಾಲರ್‌ಶಿಪ್ ಪರೀಕ್ಷೆಗೆ ಕನ್ನಡ ವಿಭಾಗದಿಂದ ಎಷ್ಟು ಮಕ್ಕಳು ಕೂತರು, ಅದಕ್ಕಾಗಿ ಸಂಜೆ ತರಗತಿ ತೆಗೆದುಕೊಂಡರಾ ಅಂತ ಕೇಳಿ. ಶಾಲಾ ಮಕ್ಕಳ ಕಲಾ ಸ್ಪರ್ಧೆಯಾದ ಕಲೋತ್ಸವಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗುತ್ತಾರಾ ಅಂತಲೂ ಕೇಳಿ, ಅಲ್ಲಿ ಕನ್ನಡದ ಸ್ಪರ್ಧೆಗಳೂ ಇವೆ, ಯಕ್ಷಗಾನವೂ ಇದೆ. ಮೈಗಳ್ಳರ ಶಾಲೆ ಇದಕ್ಕೆಲ್ಲ ತಲೆ ಹಾಕುವುದಿಲ್ಲ.

ಕರ್ನಾಟಕದಿಂದ ನೇರ ಎಂಟನೆಗೋ ಒಂಬತ್ತಕ್ಕೋ ಬರುವ ಮಕ್ಕಳಿಗೆ ಎರಡು ಕಡೆ ಎಡವುತ್ತದೆ. ಒಂದು, ಇಲ್ಲಿ ಐ.ಟಿ. ಒಂದು ಪಾಠವಿಷಯ, ಲಿನಕ್ಸ್ ಕಂಪ್ಯೂಟರಿನಲ್ಲಿ ಮಾಡಿ ತೋರಿಸುವ ಪರೀಕ್ಷೆ ಇದೆ. ಲ್ಯಾಬಿಗೆ ವಾರಕ್ಕೆ ಎಷ್ಟು ಸಲ ಹೋಗುತ್ತಾರೆ ಅಂತ ಮಕ್ಕಳನ್ನು ಕೇಳಿ, ಬೀಗ ಹಾಕಿದ ಲ್ಯಾಬು ಲೆಕ್ಕಕ್ಕಿಲ್ಲ. ಎರಡು, ಒಂದನೇ ಭಾಷೆಗೆ ಎರಡು ಪೇಪರ್. ಎರಡನ್ನೂ ಕನ್ನಡದಲ್ಲೇ ಓದಬಹುದು, ಅಥವಾ ಒಂದು ಪೇಪರ್ ಸಂಸ್ಕೃತವೋ ಅರಬಿಯೋ ತೆಗೆದುಕೊಂಡು ಇನ್ನೊಂದು ಕನ್ನಡ ಮಾಡಬಹುದು. ಆ ಶಾಲೆಯಲ್ಲಿ ಯಾವುದಕ್ಕೆ ಟೀಚರ್ ಇದ್ದಾರೋ ಅದೇ ನಿಮ್ಮ ಆಯ್ಕೆ, ಕಾಗದದಲ್ಲಿ ಏನೇ ಇರಲಿ.

ಮಲಯಾಳದ ವಿಚಾರ ಎಲ್ಲರಿಗೂ ತಲೆಬಿಸಿ. ಹತ್ತನೆಯ ತನಕ ಮಲಯಾಳ ಕಡ್ಡಾಯ ಅಂತ ಕೇರಳ 2017ರಲ್ಲಿ ಕಾಯ್ದೆ ತಂದಾಗ ಇಲ್ಲಿ ದೊಡ್ಡ ಪ್ರತಿಭಟನೆಯೇ ಆಗಿತ್ತು. ಕನ್ನಡ ಮಾಧ್ಯಮದ ಮಕ್ಕಳಿಗೆ ಯಾವ ತರಗತಿಯಿಂದ, ಹೇಗೆ ಕಲಿಸುತ್ತಾರೆ ಅಂತ ಆಯಾ ಶಾಲೆಯಲ್ಲೇ ಕೇಳಿ. ನನ್ನ ಅಭಿಪ್ರಾಯ ಕೇಳಿದರೆ, ಹಕ್ಕಿನ ಮಾತು ಬೇರೆ, ಮಗು ಮಲಯಾಳ ಕಲಿಯುವುದು ಬೇರೆ. ಬಸ್ಸಿನ ಬೋರ್ಡು, ಆಸ್ಪತ್ರೆಯ ಚೀಟಿ, ಮುಂದೆ ಪ್ಲಸ್ ಒನ್‌ನಲ್ಲಿ (ಹನ್ನೊಂದನೇ ತರಗತಿ) ಪಕ್ಕದಲ್ಲಿ ಕೂರುವ ಗೆಳೆಯರು, ಎಲ್ಲಕ್ಕೂ ಅದು ಬೇಕು. ಆಟದ ಬಯಲಿನಲ್ಲಿ ತುಳು, ಮಲಯಾಳ ಎರಡೂ ಒಂದು ಮಳೆಗಾಲದೊಳಗೆ ಮಕ್ಕಳ ಬಾಯಿಗೆ ಬರುತ್ತವೆ, ದೊಡ್ಡವರಿಗೇ ಕಷ್ಟ.

ದಾರಿ ನೋಡದೆ ಶಾಲೆ ಗಟ್ಟಿ ಮಾಡಬೇಡಿ. ಅದೂ ಏಪ್ರಿಲ್‌ನಲ್ಲಿ ಬಂದು ನೋಡಿದರೆ ಎಲ್ಲ ದಾರಿಯೂ ಚೆನ್ನಾಗಿಯೇ ಕಾಣುತ್ತದೆ. ಒಳನಾಡಿನಲ್ಲಿ ತೋಡಿನ ಮೇಲೆ ಅಡಿಕೆ ಮರದ ಸಂಕ ದಾಟಿ ಹೋಗುವ ಮಕ್ಕಳು ಇನ್ನೂ ಇದ್ದಾರೆ, ಜುಲೈಯಲ್ಲಿ ಆ ತೋಡು ಹೇಗಿರುತ್ತದೆ ಅಂತ ಅಕ್ಕಪಕ್ಕದ ಮನೆಯವರನ್ನು ಕೇಳಿ. ಕರಾವಳಿಯಲ್ಲಾದರೆ ಹೆದ್ದಾರಿ 66 ಆರು ಪಥ ಆದ ಮೇಲೆ ಮನೆ ಒಂದು ಬದಿ, ಶಾಲೆ ಇನ್ನೊಂದು ಬದಿ ಇದ್ದರೆ ಕಣ್ಣಿಗೆ ಕಾಣುವ ಶಾಲೆಗೆ ಅಂಡರ್‌ಪಾಸ್ ಹುಡುಕಿಕೊಂಡು ಸುತ್ತಿ ಹೋಗಬೇಕು. ಉಪ್ಪಳ, ಹೊಸಂಗಡಿ ಕಡೆ ಮನೆ ನೋಡುವವರು ಮಗುವಿನ ಜೊತೆ ಒಮ್ಮೆ ನಡೆದೇ ನೋಡಿ. ಖಾಸಗಿ ಬಸ್ಸಿನಲ್ಲಿ ವಿದ್ಯಾರ್ಥಿಗಳಿಗೆ ರಿಯಾಯಿತಿ ಇದೆ, ಆದರೆ ಬೆಳಿಗ್ಗೆ ಬಸ್ಸು ಮಕ್ಕಳನ್ನು ಕಂಡರೆ ನಿಲ್ಲುತ್ತದಾ ಅನ್ನುವುದು ಸ್ಟಾಪಿನಲ್ಲಿ ನಿಂತರೆ ಮಾತ್ರ ಗೊತ್ತಾಗುವ ವಿಷಯ.

ಶಾಲೆ ನೋಡಲು ಹೋಗುವುದಾದರೆ ಶಾಲೆ ಶುರುವಾಗುವ ಪ್ರವೇಶೋತ್ಸವದ ದಿನವೋ ವಾರ್ಷಿಕೋತ್ಸವದ ದಿನವೋ ಬೇಡ. ಸಾಧಾರಣ ದಿನ ಮಧ್ಯಾಹ್ನ ಊಟದ ಹೊತ್ತಿಗೆ ಹೋಗಿ. ಎಂಥ ಮೊಸರು, ಎಂಥ ಪಲ್ಯ ಕೊಡುತ್ತಾರೆ ಅಂತಲ್ಲ, ಬಡಿಸುವಾಗ ಟೀಚರುಗಳು ಎಲ್ಲಿದ್ದಾರೆ ನೋಡಿ. ಹೆಣ್ಣುಮಕ್ಕಳ ಶೌಚಾಲಯದ ಬಾಗಿಲಿಗೆ ಚಿಲಕ ಇದೆಯಾ, ನಳ್ಳಿಯಲ್ಲಿ ನೀರು ಬರುತ್ತದಾ, ಬೇಸಗೆಯಲ್ಲೂ ಬಾವಿಯಲ್ಲಿ ನೀರಿರುತ್ತದಾ? ರಿಪೇರಿ ಆಗಬೇಕಾದರೆ ಸರ್ಕಾರಿ ಎಲ್.ಪಿ., ಯು.ಪಿ. ಶಾಲೆಗೆ ಗ್ರಾಮ ಪಂಚಾಯತು, ಹೈಸ್ಕೂಲಿಗೆ ಜಿಲ್ಲಾ ಪಂಚಾಯತು. ಅದಕ್ಕೇ ವಾರ್ಡು ಮೆಂಬರರ ಹತ್ತಿರ ಒಂದು ಮಾತು ಆಡಿ ಬನ್ನಿ. ಪಿ.ಟಿ.ಎ. ಅಧ್ಯಕ್ಷರ ಮಕ್ಕಳೇ ಬೇರೆ ಶಾಲೆಗೆ ಹೋಗುತ್ತಿದ್ದರೆ ಇನ್ನೇನು ಕೇಳುವುದಿದೆ!

ವಿಶೇಷ ಅಗತ್ಯದ ಮಗು ಇದ್ದರೆ ಹೆಡ್‌ಮಾಸ್ಟರಿಗಿಂತ ಮೊದಲು ಬಿ.ಆರ್.ಸಿ.ಗೆ (ಬ್ಲಾಕ್ ಸಂಪನ್ಮೂಲ ಕೇಂದ್ರ) ಹೋಗಿ. ಯಾವ ಶಾಲೆಗೆ ವಿಶೇಷ ಶಿಕ್ಷಕರು ಬರುತ್ತಾರೆ, ವಾರಕ್ಕೆ ಎಷ್ಟು ದಿನ, ಅವರಿಗೆ ಕನ್ನಡ ಬರುತ್ತದಾ ಅಂತ ಅಲ್ಲೇ ಗೊತ್ತಾಗುವುದು. ಎಂಡೋಸಲ್ಫಾನ್ ಕೀಟನಾಶಕದಿಂದ ಬಾಧಿತವಾದ ಪಂಚಾಯತುಗಳಲ್ಲಿ ಇಂಥ ಮಕ್ಕಳಿಗೆಂದೇ ಬಡ್ಸ್ ಶಾಲೆಗಳೂ ಇವೆ.

ಕೊನೆಗೆ ಕಾಗದಪತ್ರ. ಕರ್ನಾಟಕದ ಟಿ.ಸಿ.ಗೆ ಬಿ.ಇ.ಒ. ಮೇಲುರುಜು ಹಾಕಿಸಿಕೊಂಡೇ ಹೊರಡಿ, ಇಲ್ಲಿಗೆ ಬಂದ ಮೇಲೆ ಒಂದು ರುಜುವಿಗಾಗಿ ಮತ್ತೆ ಘಟ್ಟ ಹತ್ತುವುದು ಯಾರಿಗೆ ಬೇಕು. ಟಿ.ಸಿ. ತಡವಾಯಿತು ಅಂತ ಎಂಟನೆಯ ಒಳಗಿನ ಮಗುವಿಗೆ ಪ್ರವೇಶ ಇಲ್ಲ ಅನ್ನುವಂತಿಲ್ಲ, ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ಅದನ್ನು ಹೇಳುತ್ತದೆ. ಇಲ್ಲಿ ಓದಿದ ಪ್ರತಿ ವರ್ಷದ ದಾಖಲೆಯನ್ನೂ ತೆಗೆದಿಡಿ, ಮಾಧ್ಯಮ ಕನ್ನಡ ಅಂತ ಸ್ಪಷ್ಟವಾಗಿ ಬರೆಸಿಕೊಳ್ಳಿ. ಕರ್ನಾಟಕದ ಸಿಇಟಿಯಲ್ಲಿ ಗಡಿನಾಡ ಕನ್ನಡಿಗರಿಗೆ ಅಂತ ಒಂದು ದಾರಿ ಇದೆ, ಕಾಸರಗೋಡು, ಮಂಜೇಶ್ವರ, ಹೊಸದುರ್ಗ ತಾಲೂಕುಗಳ ಮಕ್ಕಳು ಅದರಲ್ಲಿ ಬರುತ್ತಾರೆ. ಎಷ್ಟು ವರ್ಷ ಓದಿರಬೇಕು, ಯಾವ ನಮೂನೆಯಲ್ಲಿ ಪ್ರಮಾಣಪತ್ರ ಬೇಕು ಅನ್ನುವುದನ್ನು ಆಯಾ ವರ್ಷದ ಸಿಇಟಿ ಕೈಪಿಡಿಯಲ್ಲಿ ನೋಡಿಕೊಳ್ಳಿ. ಹನ್ನೆರಡನೇ ಕ್ಲಾಸಿಗೆ ಬಂದ ಮೇಲೆ ಹಳೆಯ ಎಲ್.ಪಿ. ಶಾಲೆಯ ರಿಜಿಸ್ಟರ್ ಹುಡುಕಿಸುವುದಕ್ಕಿಂತ ಶಾಲೆ ಬಿಡುವ ದಿನವೇ ಬರೆಸಿಕೊಂಡು ಫೈಲಿನಲ್ಲಿ ಹಾಕಿಬಿಡಿ.