ಮೆತ್ತಗಿನ ಮಾಟ್ಸಾ ಉಂಡೆ, ಬಿಸಿಬಿಸಿ ಸೂಪ್

ನ್ಯೂಜೆರ್ಸಿಯ ಎಡಿಸನ್‌ನಲ್ಲಿ ನಮ್ಮವರು ಜಾಸ್ತಿ. ಪಕ್ಕದ ಹೈಲ್ಯಾಂಡ್ ಪಾರ್ಕ್‌ನಲ್ಲಿ ಯಹೂದಿ ಕುಟುಂಬಗಳು ಬಹಳ. ಹತ್ತಿರ ಹತ್ತಿರ ಇದ್ದಮೇಲೆ ಅಡುಗೆ ಕೈ ಬದಲಾಗುತ್ತದೆ ಅಲ್ವಾ? ನನಗೆ ಜ್ವರ ಬಂದು ಮಲಗಿದ್ದಾಗ ಪಕ್ಕದ ಮನೆಯ ಅಜ್ಜಿ ಒಂದು ಪಾತ್ರೆ ಸೂಪ್ ತಂದುಕೊಟ್ಟರು. ತಿಳಿಯಾದ ಕೋಳಿ ಸೂಪು, ಮೇಲೆ ಸಬ್ಬಸಿಗೆ ಸೊಪ್ಪು, ಮಧ್ಯೆ ಎರಡು ದಪ್ಪ ಉಂಡೆ. ಚಮಚ ತಾಗಿಸಿದರೆ ಸಾಕು, ಉಂಡೆ ಬಿಸಿ ಇಡ್ಲಿಯಂತೆ ಬಿಟ್ಟುಕೊಳ್ಳುತ್ತಿತ್ತು. ಬಾಯಿಗೆ ರುಚಿ ಹತ್ತಿದ್ದು ಆವತ್ತೇ.

ಆಮೇಲೆ ನಮ್ಮ ಕಡೆಯವರ ಎಷ್ಟೋ ಮನೆಗಳಲ್ಲಿ ಇದನ್ನು ಮಾಡುವುದನ್ನು ನೋಡಿದ್ದೇನೆ. ಸೂಪು ಎಲ್ಲರಿಗೂ ಚೆನ್ನಾಗಿ ಬರುತ್ತದೆ. ಉಂಡೆ ಮಾತ್ರ ಕಲ್ಲು. ಎಲ್ಲರೂ ಅದೇ ಮೂರು ತಪ್ಪು ಮಾಡುತ್ತಾರೆ: ಮಾಟ್ಸಾ ಪುಡಿ ಜಾಸ್ತಿ ಹಾಕುತ್ತಾರೆ, ಉಂಡೆಯನ್ನು ಒತ್ತಿ ಕಟ್ಟುತ್ತಾರೆ, ಬೇಯುವಾಗ ಮುಚ್ಚಳ ತೆಗೆದು ನೋಡುತ್ತಾರೆ.

ಮಾಟ್ಸಾ ಎಂದರೆ ಹುಳಿ ಬರಿಸದ, ಉಬ್ಬದ ರೊಟ್ಟಿ. ಯಹೂದಿಗಳ ಪೂರ್ವಜರು ಈಜಿಪ್ಟ್‌ನ ಗುಲಾಮಗಿರಿಯಿಂದ ಹೊರಟಾಗ ಹಿಟ್ಟು ಉಬ್ಬುವಷ್ಟೂ ಸಮಯ ಇರಲಿಲ್ಲ, ಅದರ ನೆನಪಿಗೆ ಪಾಸೋವರ್ ಹಬ್ಬದಲ್ಲಿ ಇದನ್ನೇ ತಿನ್ನುತ್ತಾರೆ. ಹಿಟ್ಟಿಗೆ ನೀರು ಬಿದ್ದ 18 ನಿಮಿಷದೊಳಗೆ ಬೇಯಿಸಿ ಮುಗಿಸಬೇಕು ಎಂಬುದು ಕಟ್ಟುನಿಟ್ಟು. ಈ ರೊಟ್ಟಿಯನ್ನು ಪುಡಿ ಮಾಡಿದರೆ ಮಾಟ್ಸಾ ಪುಡಿ. ಅದರ ಉಂಡೆಗೆ ಪೂರ್ವ ಯುರೋಪಿನ ಯಹೂದಿಗಳ ಯಿಡ್ಡಿಶ್ ಭಾಷೆಯಲ್ಲಿ ಕ್ನೇಡ್ಲಾಖ್ ಎನ್ನುತ್ತಾರೆ. ಹಬ್ಬದಲ್ಲಿ ಮಾಟ್ಸಾಗೆ ನೀರು ತಾಗಿಸದ, ಕಟ್ಟಾ ಸಂಪ್ರದಾಯದ ಹಸೀದಿ ಪಂಥದ ಮನೆಗಳೂ ಇವೆ. ಅವರಲ್ಲಿ ಎಂಟನೇ ದಿನ, ಅಂದರೆ ಕೊನೆಯ ದಿನವೇ ಈ ಉಂಡೆ. ಉಳಿದವರಿಗೆ ಇದು ವರ್ಷವಿಡೀ ಇರುವ ಊಟ. ಮೈ ಹುಷಾರಿಲ್ಲದಾಗಂತೂ ಬೇಕೇ ಬೇಕು. ಕೋಳಿ ಸೂಪಿಗೆ 'ಯಹೂದಿ ಪೆನ್ಸಿಲಿನ್' ಎಂಬ ಹೆಸರೇ ಇದೆ. 12ನೇ ಶತಮಾನದ ವೈದ್ಯ ಮೈಮೊನಿಡೀಸ್ ಕೂಡ ರೋಗಿಗಳಿಗೆ ಕೋಳಿ ಸೂಪು ಕುಡಿಯಲು ಹೇಳಿದ್ದರು.

ಸುಮಾರು 12 ಉಂಡೆಗೆ ಬೇಕಾದದ್ದು: 4 ಮೊಟ್ಟೆ, 1 ಕಪ್ ಮಾಟ್ಸಾ ಪುಡಿ, ಕಾಲು ಕಪ್ ಕೋಳಿ ಕೊಬ್ಬು ಅಥವಾ ವಾಸನೆ ಇಲ್ಲದ ಎಣ್ಣೆ, ಕಾಲು ಕಪ್ ಸಪ್ಪೆ ಸೋಡಾ (ಕುಡಿಯುವ ಸೋಡಾ ನೀರು, ಅಡುಗೆ ಸೋಡಾ ಅಲ್ಲ), 1 ಟೀ ಚಮಚ ಉಪ್ಪು, ಕಾಲು ಟೀ ಚಮಚ ಕಾಳುಮೆಣಸಿನ ಪುಡಿ.

ಹಂತ 1: ಸೂಪು

ಇದನ್ನು ಹಿಂದಿನ ದಿನವೇ ಮಾಡಿಡಿ. ಮೂಳೆ ಇರುವ ಒಂದೂವರೆ ಕೆಜಿ ಕೋಳಿ, ದೊಡ್ಡ ಈರುಳ್ಳಿ, ಮೂರು ಕ್ಯಾರೆಟ್, ಎರಡು ಕಡ್ಡಿ ಸೆಲರಿ, ಒಂದು ಹಿಡಿ ಸಬ್ಬಸಿಗೆ, ಉಪ್ಪು, ಎಲ್ಲ ಮುಳುಗುವಷ್ಟು ನೀರು. ಕುದಿ ಬಂದಾಗ ಮೇಲೆ ಬರುವ ನೊರೆ ತೆಗೆದು, ಸಣ್ಣ ಉರಿಯಲ್ಲಿ ಎರಡು ಗಂಟೆ ಬಿಟ್ಟು ಸೋಸಿ. ಕೋಳಿಯನ್ನು ಎಸೆಯಬೇಡಿ, ಬಿಡಿಸಿ ಇಟ್ಟುಕೊಳ್ಳಿ. ಅರಿಶಿನ ಬೇಡ, ಗರಂ ಮಸಾಲೆ ಖಂಡಿತ ಬೇಡ.

ರಾತ್ರಿ ಫ್ರಿಜ್‌ನಲ್ಲಿಟ್ಟರೆ ಬೆಳಿಗ್ಗೆ ಮೇಲೆ ಹಳದಿ ಕೊಬ್ಬಿನ ಪದರ ಕಟ್ಟಿರುತ್ತದೆ. ಅದನ್ನು ಚಮಚದಲ್ಲಿ ಕೆರೆದು ತೆಗೆಯಿರಿ, ಉಂಡೆಗೆ ಅದೇ ಆಗುತ್ತದೆ. ಯಹೂದಿ ಅಡುಗೆಯಲ್ಲಿ ಚರ್ಮದ ಜೊತೆ ಈರುಳ್ಳಿ ಹಾಕಿ ಕಾಯಿಸಿದ ಕೋಳಿ ಕೊಬ್ಬಿಗೆ ಶ್ಮಾಲ್ಟ್ಸ್ ಎನ್ನುತ್ತಾರೆ. ಅದರ ರುಚಿಯೇ ಬೇರೆ, ಆದರೆ ಈ ಸುಲಭ ದಾರಿಯೂ ಒಳ್ಳೆಯದೇ. ಕೊಬ್ಬು ಇಲ್ಲದಿದ್ದರೆ ಎಣ್ಣೆ. ತುಪ್ಪ, ಬೆಣ್ಣೆ ಬೇಡ. ಮಾಂಸದ ಜೊತೆ ಹಾಲಿನ ಪದಾರ್ಥ ಸೇರಿಸುವುದು ಅವರ ಊಟದ ನಿಯಮಕ್ಕೆ ವಿರುದ್ಧ. ಅವರ ತಿಂಡಿಯನ್ನು ಮಾಡುವಾಗ ಅಷ್ಟು ಮರ್ಯಾದೆ ಇರಲಿ.

ಹಂತ 2: ಕಲಸಿ, ಕಾಯುವುದು

ಮೊಟ್ಟೆ, ಕೊಬ್ಬು, ಉಪ್ಪು, ಮೆಣಸು ಚೆನ್ನಾಗಿ ಕದಡಿ. ಪುಡಿ ಹಾಕಿ ಕಲಸಿ, ಕೊನೆಗೆ ಸೋಡಾ ಹಾಕಿ ಹಗುರವಾಗಿ ತಿರುಗಿಸಿ.

ಈಗ ಪಾತ್ರೆಯೊಳಗೆ ನೋಡಿ. ಬಜ್ಜಿ ಹಿಟ್ಟಿಗಿಂತ ತುಸು ಗಟ್ಟಿ, ಅಷ್ಟೇ. ಇದರಲ್ಲಿ ಉಂಡೆ ಹೇಗೆ ಕಟ್ಟುವುದು ಎಂದು ಯಾರಿಗಾದರೂ ಅನಿಸುತ್ತದೆ. ಕೈ ತಾನಾಗಿ ಪುಡಿಯ ಡಬ್ಬಿ ಕಡೆ ಹೋಗುತ್ತದೆ. ಇಲ್ಲೇ ಎಲ್ಲರೂ ಕೆಡಿಸುವುದು. ಹಾಕಬೇಡಿ! ಪುಡಿ ಎಂದರೆ ಒಣಗಿ ಬೆಂದ ರೊಟ್ಟಿಯ ಚೂರು. ಅದು ನಿಧಾನವಾಗಿ ಮೊಟ್ಟೆ, ಸೋಡಾ ಎಲ್ಲ ಕುಡಿಯುತ್ತದೆ. ಕೊಬ್ಬೂ ತಣಿದು ಗಟ್ಟಿಯಾಗುತ್ತದೆ. ಮುಚ್ಚಿ ಫ್ರಿಜ್‌ನಲ್ಲಿಡಿ. ಅರ್ಧ ಗಂಟೆ ಸಾಕು ಎನ್ನುತ್ತಾರೆ, ನನಗೆ ಒಪ್ಪಿಗೆ ಇಲ್ಲ. ಒಂದು ಗಂಟೆ ಬೇಕು, ಎರಡಾದರೆ ಇನ್ನೂ ಒಳ್ಳೆಯದು. ತೆಗೆದಾಗ ಆರಿದ ಉಪ್ಪಿಟ್ಟಿನ ಹದಕ್ಕೆ ಬಂದಿರುತ್ತದೆ, ಚಮಚದಲ್ಲಿ ಎತ್ತಿದರೆ ನಿಲ್ಲುತ್ತದೆ.

ಅಂಗಡಿಯಲ್ಲಿ ಉಂಡೆಗೆಂದೇ ಮಸಾಲೆ ಬೆರೆಸಿದ ಪುಡಿಯ ಪೆಟ್ಟಿಗೆ ಸಿಗುತ್ತದೆ. ಅವಸರಕ್ಕೆ ಪರವಾಗಿಲ್ಲ. ಆದರೆ ಕೆಲವು ಪೆಟ್ಟಿಗೆಯಲ್ಲಿ ಜೊತೆಗೆ ಬರುವ ಸೂಪ್ ಪುಡಿ ಬರೀ ಉಪ್ಪು, ಅದನ್ನು ಬಳಸಲೇಬೇಡಿ. ಮಾಟ್ಸಾ ಸಿಗದ ಊರಿನಲ್ಲಿರುವವರು ಮೈದಾ, ನೀರು ಕಲಸಿ ತೆಳ್ಳಗೆ ಲಟ್ಟಿಸಿ, ಫೋರ್ಕ್‌ನಲ್ಲಿ ಚುಚ್ಚಿ, ತುಂಬಾ ಬಿಸಿಯಾದ ಓವನ್‌ನಲ್ಲಿ ಗರಿಗರಿ ಮಾಡಿ ಪುಡಿ ಮಾಡಿಕೊಳ್ಳಬಹುದು. ಹಬ್ಬಕ್ಕೆ ಅದು ನಡೆಯುವುದಿಲ್ಲ, ನಮ್ಮ ಊಟಕ್ಕೆ ನಡೆಯುತ್ತದೆ. ರವೆ ಹಾಕಿದರೆ ಅದು ಬೇರೆಯೇ ತಿಂಡಿ.

ಹಂತ 3: ಉಂಡೆ

ನುಚ್ಚಿನುಂಡೆ, ತಂಬಿಟ್ಟು ಕಟ್ಟಿ ಅಭ್ಯಾಸ ಇರುವ ಕೈಗೆ ಒತ್ತುವುದೇ ಗೊತ್ತು. ಇಲ್ಲಿ ಒತ್ತಿದರೆ ಒಳಗಿನ ಸಣ್ಣ ಸಣ್ಣ ಗಾಳಿ ಜಾಗ ಮುಚ್ಚಿಹೋಗುತ್ತದೆ. ನೀರು ಒಳಗೆ ಇಳಿಯುವುದಿಲ್ಲ, ಉಂಡೆ ಉಬ್ಬುವುದಿಲ್ಲ. ಕೈ ತಣ್ಣೀರಲ್ಲಿ ಅದ್ದಿಕೊಳ್ಳಿ. ಒಂದು ಚಮಚ ಹಿಟ್ಟು ತೆಗೆದು ಎರಡು ಅಂಗೈ ನಡುವೆ ಸುಮ್ನೆ ಉರುಳಿಸಿ, ಮರಿಹಕ್ಕಿ ಹಿಡಿದಷ್ಟು ಹಗುರವಾಗಿ. ಮೇಲೆ ಉಬ್ಬುತಗ್ಗು ಉಳಿದರೆ ಉಳಿಯಲಿ. ಗಾತ್ರ ಸಣ್ಣ ನಿಂಬೆಹಣ್ಣಿನಷ್ಟು ಸಾಕು. ಬೆಂದಾಗ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ.

ಹಂತ 4: ಬೇಯಿಸುವುದು

ಅಗಲವಾದ ದೊಡ್ಡ ಪಾತ್ರೆಯಲ್ಲಿ ಉಪ್ಪುನೀರು ಕುದಿಸಿ. ಸೂಪಿನಲ್ಲೇ ಬೇಯಿಸಬೇಡಿ. ಉಂಡೆ ಅರ್ಧ ಸೂಪು ಕುಡಿದುಬಿಡುತ್ತದೆ, ಉಳಿದದ್ದು ಕದಡಿಹೋಗುತ್ತದೆ. ಉರಿ ಇಳಿಸಿ, ಉಂಡೆಗಳನ್ನು ಒಂದೊಂದಾಗಿ ಬಿಡಿ. ಮೊದಲು ಮುಳುಗಿ ಆಮೇಲೆ ಮೇಲೆ ಬರುತ್ತವೆ. ಮುಚ್ಚಳ ಹಾಕಿ, 40 ನಿಮಿಷಕ್ಕೆ ಅಲಾರಂ ಇಡಿ.

ತೇಲುವ ಉಂಡೆಯ ಮೇಲಿನ ಅರ್ಧ ನೀರಿನ ಹೊರಗೆ ಇರುತ್ತದೆ. ಆ ಅರ್ಧ ಬೇಯುವುದು ಹಬೆಯಲ್ಲಿ, ನಮ್ಮ ಇಡ್ಲಿಯ ಹಾಗೆ. ಮುಚ್ಚಳ ತೆಗೆದರೆ ಹಬೆ ಹೋಯಿತು, ಉಂಡೆ ಕುಗ್ಗಿತು. ನೋಡದೆ ಇರಲು ಆಗದವರು ಗಾಜಿನ ಮುಚ್ಚಳ ಇಟ್ಟುಕೊಳ್ಳಿ. ನಾನು ಹಾಗೇ ಮಾಡುವುದು. ನೀರು ಗುಳುಗುಳು ಅನ್ನುತ್ತಿರಬೇಕು, ಕೊತಕೊತ ಕುದಿಯಬಾರದು.

40 ನಿಮಿಷ ಆದಮೇಲೆ ಒಂದನ್ನು ತೆಗೆದು ಎರಡು ಭಾಗ ಮಾಡಿ. ಅಂಚಿನಿಂದ ನಡುವಿನವರೆಗೆ ಒಂದೇ ತಿಳಿ ಬಣ್ಣ ಇದ್ದರೆ ಆಯಿತು. ನಡುವೆ ಗಾಢ ಹಳದಿ ಗಂಟು ಕಂಡರೆ ಮತ್ತೆ ಮುಚ್ಚಿ, 10 ನಿಮಿಷ ಬಿಡಿ. ಮೇಲೆ ಬಂದ ತಕ್ಷಣ ತೆಗೆದುಬಿಡುವವರಿಗೆ ಸಿಗುವುದು ಈ ಗಂಟೇ.

ಗಟ್ಟಿ ಉಂಡೆಯನ್ನೇ ಇಷ್ಟಪಡುವ ಯಹೂದಿ ಮನೆಗಳೂ ಇವೆ. ತೇಲಬೇಕೋ ಮುಳುಗಬೇಕೋ ಎಂದು ಊಟಕ್ಕೆ ಕೂತಾಗ ವಾದವೇ ನಡೆಯುತ್ತದೆ. ನನ್ನ ಮತ ತೇಲುವುದಕ್ಕೆ. ಗಟ್ಟಿ ಬೇಕಿದ್ದರೆ ಸೋಡಾ ಬಿಟ್ಟು, ಎರಡು ಚಮಚ ಪುಡಿ ಜಾಸ್ತಿ ಹಾಕಿ.

ಹಂತ 5: ಬಡಿಸುವುದು

ಸೂಪು ಬಿಸಿ ಮಾಡಿ, ಬಿಡಿಸಿಟ್ಟ ಕೋಳಿ, ಗುಂಡಗೆ ಹೆಚ್ಚಿ ಬೇಯಿಸಿದ ಕ್ಯಾರೆಟ್ ಹಾಕಿ. ಉಂಡೆ ಸೇರಿಸಿ ಐದು ನಿಮಿಷ ಬಿಡಿ. ಹಸಿ ಸಬ್ಬಸಿಗೆ ಮೇಲೆ ಉದುರಿಸಿ, ಜ್ವರದವರಿಗೆ ಮೆಣಸು ಇನ್ನೊಂದು ಚಿಟಿಕೆ. ಕೋಳಿ ತಿನ್ನದವರಿಗೆ ತರಕಾರಿ ಸೂಪಿನಲ್ಲೂ ಚೆನ್ನಾಗಿರುತ್ತದೆ. ಆದರೆ ಮೊಟ್ಟೆ ಬೇಕೇ ಬೇಕು, ಉಂಡೆಯನ್ನು ಹಿಡಿದಿಡುವುದು ಅದೇ.

ಉಳಿದರೆ ಸೂಪು ಒಂದು ಡಬ್ಬಿಗೆ, ಉಂಡೆ ಇನ್ನೊಂದಕ್ಕೆ. ಒಟ್ಟಿಗೆ ಇಟ್ಟರೆ ಬೆಳಿಗ್ಗೆ ಸೂಪೇ ಇರುವುದಿಲ್ಲ.